ನಾಯಿಯ ಕಿಡ್ನಿ ರಿಪೋರ್ಟ್ ಓದುವ ಮೊದಲು ಅದರ ಉಚ್ಚೆ ನೋಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಕೆಂಚಿಯ ನೀರಿನ ಬಟ್ಟಲು ದಿನಕ್ಕೆ ಮೂರು ಸಲ ಖಾಲಿಯಾಗುತ್ತಿತ್ತು. ಕೆಂಚಿ ನಾಟಿ ನಾಯಿ. ಒಂಬತ್ತು ವರ್ಷ, ಹದಿನೆಂಟು ಕೆಜಿ. ಚಿಕ್ಕಬಳ್ಳಾಪುರದ ಏಪ್ರಿಲ್ ಬಿಸಿಲು ಗೊತ್ತಲ್ಲ, ಸಂಜೆ ಏಳಾದರೂ ಅಂಗಳದ ಚಪ್ಪಡಿ ಸುಡುತ್ತಿರುತ್ತದೆ. “ಸೆಕೆಗೆ ಕುಡೀತದೆ ಬಿಡೋ” ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತು. ಆದರೂ ಸಮಾಧಾನಕ್ಕಿರಲಿ ಅಂತ ರಕ್ತ ತೆಗೆಸಿ ಊರಿನ ಒಂದು ಲ್ಯಾಬಿಗೆ ಕೊಟ್ಟೆವು. ಮನುಷ್ಯರ ಲ್ಯಾಬ್. ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಕ್ರಿಯಾಟಿನಿನ್ 1.3 ಬಂತು. ಪಕ್ಕದಲ್ಲಿ ಸ್ಟಾರ್ ಇಲ್ಲ, ದಪ್ಪಕ್ಷರ ಇಲ್ಲ. ಕೌಂಟರಿನ ಹುಡುಗ “ಎಲ್ಲ ನಾರ್ಮಲ್ ಸಾರ್” ಅಂದ. ಫೈಲ್ ಬೀರು ಸೇರಿತು.

ದೀಪಾವಳಿ ಹೊತ್ತಿಗೆ ಕ್ರಿಯಾಟಿನಿನ್ 3.1 ಆಗಿತ್ತು.

ನಡುವೆ ಆರು ತಿಂಗಳು ಕೈಯಲ್ಲಿದ್ದವು. ಅಷ್ಟರಲ್ಲಿ ಒಬ್ಬರೂ ಅದರ ಉಚ್ಚೆ ಪರೀಕ್ಷೆ ಮಾಡಿಸಲಿಲ್ಲ. ನಾನೂ ಕೇಳಲಿಲ್ಲ. ನಾಯಿ ಉಚ್ಚೆ ಹಿಡಿಯೋ ಕೆಲಸ ಯಾರಿಗೆ ಬೇಕು, ಅಲ್ವಾ? ಆಮೇಲೆ ಗೊತ್ತಾಯಿತು, ಕಿಡ್ನಿ ತನ್ನ ಕಷ್ಟ ಮೊದಲು ಹೇಳಿಕೊಳ್ಳೋದು ಉಚ್ಚೆಯಲ್ಲಿ, ರಕ್ತದಲ್ಲಿ ಕಾಣೋದು ತುಂಬ ತಡವಾಗಿ.

ಕಾರಣ ಸರಳ. ನಾಯಿಯ ಒಂದೊಂದು ಕಿಡ್ನಿಯಲ್ಲೂ ಸುಮಾರು 4 ಲಕ್ಷ ನೆಫ್ರಾನ್‌ಗಳಿರುತ್ತವೆ. ನೆಫ್ರಾನ್ ಅಂದರೆ ರಕ್ತ ಸೋಸುವ ಸಣ್ಣ ಜರಡಿ ಅಂದುಕೊಳ್ಳಿ. ಒಂದಷ್ಟು ಸತ್ತರೆ ಉಳಿದವು ಆ ಕೆಲಸವನ್ನೂ ಎಳೆದುಕೊಂಡು ಹೋಗುತ್ತವೆ, ಹತ್ತು ಆಳಿನ ಕಳೆ ಕೆಲಸವನ್ನು ನಾಲ್ಕೇ ಜನ ಮುಗಿಸಿದ ಹಾಗೆ. ಮೂರರಲ್ಲಿ ಎರಡು ಪಾಲು ಹಾಳಾದಾಗ ಉಚ್ಚೆಯನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ. ನಾಯಿ ನೀರು ನೀರಾಗಿ ಉಚ್ಚೆ ಮಾಡುತ್ತದೆ, ಹೋದ ನೀರು ತುಂಬಿಸಿಕೊಳ್ಳಲು ಜಾಸ್ತಿ ಕುಡಿಯುತ್ತದೆ. ನಾಲ್ಕರಲ್ಲಿ ಮೂರು ಪಾಲು ಹೋದ ಮೇಲೆ ಕ್ರಿಯಾಟಿನಿನ್ ಸಾಮಾನ್ಯವಾಗಿ ಮಿತಿ ದಾಟುತ್ತದೆ. ಅಂದರೆ ಲ್ಯಾಬಿನವರು ಸ್ಟಾರ್ ಹಾಕುವಷ್ಟರಲ್ಲಿ ಮುಕ್ಕಾಲು ಕಿಡ್ನಿ ಮುಗಿದಿರುತ್ತದೆ.

ಹಾಗಾಗಿ ಇದನ್ನು ಮನೆಯಲ್ಲಿ ಕಣ್ಣಿಗೆ ಬೀಳುವ ಲಕ್ಷಣಗಳಿಂದ ಶುರು ಮಾಡುತ್ತೇನೆ. ರಿಪೋರ್ಟಿನ ಅಂಕಿ ಆಮೇಲೆ.

ಇವುಗಳಲ್ಲಿ ಒಂದಿದ್ದರೂ ಓದೋದು ಬಿಟ್ಟು ಹೊರಡಿ

ಉಚ್ಚೆಗೆ ಕೂತು ತಿಣುಕುತ್ತಿದೆ, ಬರುತ್ತಿಲ್ಲ. ಅರ್ಧ ದಿನದಿಂದ ಉಚ್ಚೆಯೇ ಮಾಡಿಲ್ಲ, ಜೊತೆಗೆ ವಾಂತಿ. ದ್ರಾಕ್ಷಿ, ಒಣದ್ರಾಕ್ಷಿ ತಿಂದಿದೆ. ಮನುಷ್ಯರ ನೋವಿನ ಮಾತ್ರೆ ನುಂಗಿದೆ. ಹಾವು ಕಚ್ಚಿದೆ, ಅಥವಾ ಮುಖ ಇಲ್ಲವೇ ಕಾಲು ಇದ್ದಕ್ಕಿದ್ದ ಹಾಗೆ ಊದಿದೆ. ಬಿಸಿಲಿಗೆ ಕುಸಿದು ಬಿದ್ದಿದೆ. ಫಿಟ್ಸ್ ಬಂದಿದೆ. ದಿಢೀರನೆ ಕಣ್ಣು ಕಾಣದೆ ಗೋಡೆಗೆ ಗುದ್ದಿಕೊಳ್ಳುತ್ತಿದೆ. ಆಪರೇಷನ್ ಆಗದ ಹೆಣ್ಣು ನಾಯಿ ಜಾಸ್ತಿ ನೀರು ಕುಡಿಯುತ್ತಾ ಮಂಕಾಗಿ ಮಲಗಿದೆ.

ಇವು ನಾಳೆ ಬೆಳಗ್ಗೆ ನೋಡೋಣ ಅನ್ನುವಂಥವಲ್ಲ.

ಲಕ್ಷಣ: ನೀರು ಜಾಸ್ತಿ ಕುಡಿಯುತ್ತಿದೆ, ಉಚ್ಚೆಯೂ ಜಾಸ್ತಿ

ಮೊದಲು ಅಳೆಯಿರಿ. ಇದಕ್ಕೆ ಖರ್ಚಿಲ್ಲ. ಬೆಳಗ್ಗೆ ಆರಕ್ಕೆ ಒಂದು ಲೀಟರ್ ಬಾಟಲಿಯಿಂದ ಅಳೆದು ಬಟ್ಟಲಿಗೆ ಹಾಕಿ. ಮತ್ತೆ ತುಂಬಿಸುವಾಗಲೂ ಅಳೆದೇ ಹಾಕಿ. ಮಾರನೆ ದಿನ ಆರಕ್ಕೆ ಉಳಿದದ್ದನ್ನು ಕಳೆಯಿರಿ. ಹೀಗೆ ಮೂರು ದಿನ ಮಾಡಿ. ಆರೋಗ್ಯವಾಗಿರುವ ನಾಯಿ ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಎಂಎಲ್ ಕುಡಿಯುತ್ತದೆ. 100 ಎಂಎಲ್ ದಾಟಿದರೆ ಅದು ಸೆಕೆಯ ಮಾತಲ್ಲ. ಕೆಂಚಿಯ ಲೆಕ್ಕದಲ್ಲಿ ಒಂದು ಲೀಟರ್ ಆಸುಪಾಸು ಸರಿ, 1.8 ಲೀಟರ್ ದಾಟಿದರೆ ತಪ್ಪು. ನಾನು ಅಳೆಯುವ ಹೊತ್ತಿಗೆ ಅದು 2.1 ಲೀಟರ್ ಕುಡಿಯುತ್ತಿತ್ತು.

ಅಳೆಯುವಾಗ ಎರಡು ಮೋಸ ಇವೆ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಬಟ್ಟಲು ಬೇರೆ ಮಾಡಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಬಕೆಟ್, ಹಸುವಿನ ತೊಟ್ಟಿ, ತೊಟ್ಟಿಕ್ಕುವ ನಲ್ಲಿ, ಇವನ್ನು ಮುಚ್ಚಿ. ಇಲ್ಲದಿದ್ದರೆ ಲೆಕ್ಕ ಸುಮ್ನೆ ಲೆಕ್ಕ ಅಷ್ಟೇ.

ಊಟವನ್ನೂ ನೋಡಿ. ಸಾರು ಕಲಸಿದ ಮುದ್ದೆ ತಿನ್ನುವ ನಾಯಿಗೆ ಊಟದಲ್ಲೇ ಅರ್ಧ ನೀರು ಸಿಗುತ್ತದೆ. ಅದನ್ನು ಅಂಗಡಿಯ ಒಣ ಕಾಳಿಗೆ ಬದಲಾಯಿಸಿದ ವಾರ ನೀರು ಜಾಸ್ತಿ ಕುಡಿಯುವುದು ಸಹಜ. ಉಪ್ಸಾರಿನಂಥ ಉಪ್ಪಿನ ಊಟ ಹಾಕಿದರೂ ಅಷ್ಟೇ. ಕೆರೆತಕ್ಕೆ ಅಂತ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಕೊಡಿಸಿದ್ದರೂ ಬಾಯಾರಿಕೆ ಹೆಚ್ಚುತ್ತದೆ. ಆ ಚೀಟಿ ಹುಡುಕಿ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವೇ ದಿಢೀರನೆ ನಿಲ್ಲಿಸಬೇಡಿ.

ಇವು ಯಾವುದೂ ಅಲ್ಲದಿದ್ದರೆ ಕಿಡ್ನಿಯ ಜೊತೆಗೆ ಇನ್ನೂ ಕೆಲವು ಕಾಯಿಲೆಗಳನ್ನು ನೋಡಬೇಕು. ಒಂದು, ಸಕ್ಕರೆ ಕಾಯಿಲೆ. ಒಂದು ಹನಿ ರಕ್ತದಲ್ಲಿ ಗೊತ್ತಾಗುತ್ತದೆ. ಇನ್ನೊಂದು, ಗರ್ಭಕೋಶದಲ್ಲಿ ಕೀವು ತುಂಬುವುದು. ಆಪರೇಷನ್ ಆಗದ ಹೆಣ್ಣು ನಾಯಿಗೆ ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಇದು ಬರುತ್ತದೆ. ಕೆಲವಕ್ಕೆ ಹಿಂದಿನಿಂದ ಕೀವು ಸೋರುತ್ತದೆ. ಕೆಲವಕ್ಕೆ ಸೋರುವುದೇ ಇಲ್ಲ, ಅದೇ ಹೆಚ್ಚು ಅಪಾಯ. ಸ್ಕ್ಯಾನ್ ಮಾಡಿಸಿದರೆ ತಿಳಿಯುತ್ತದೆ. ಕುಶಿಂಗ್ಸ್ ಅನ್ನುವ ಹಾರ್ಮೋನ್ ಕಾಯಿಲೆ, ಲಿವರ್ ತೊಂದರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು ಇವೂ ಪಟ್ಟಿಯಲ್ಲಿವೆ. ಅವನ್ನು ಡಾಕ್ಟರಿಗೆ ಬಿಡಿ.

ಒಂದು ಮಾತು ಮರೆಯಬೇಡಿ. ರಾತ್ರಿ ಒಳಗೆ ಉಚ್ಚೆ ಮಾಡುತ್ತದೆ ಅಂತ ನೀರು ಕಡಿಮೆ ಮಾಡಬೇಡಿ. ಕಿಡ್ನಿ ಸೋತ ನಾಯಿ ಕುಡಿಯುತ್ತಿರೋದು ಬದುಕಲಿಕ್ಕೆ. ಬಟ್ಟಲು ತೆಗೆದಿಟ್ಟ ಒಂದೇ ರಾತ್ರಿಯಲ್ಲಿ ಅದರ ದೇಹ ಒಣಗಿ ಪರಿಸ್ಥಿತಿ ಕೆಡಬಹುದು. ನಾವು ಎರಡು ವಾರ ಇದೇ ತಪ್ಪು ಮಾಡಿದ್ದೆವು.

ಉಚ್ಚೆ ಹಿಡಿಯುವುದು ಹೇಗೆ

ಬೆಳಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಉಚ್ಚೆ ಬೇಕು. ರಾತ್ರಿಯೆಲ್ಲ ನಿಂತದ್ದು, ಇದ್ದುದರಲ್ಲಿ ಗಟ್ಟಿ.

ಅಡುಗೆಮನೆಯ ಒಂದು ಹಳೇ ಸಾಂಬಾರ್ ಸೌಟನ್ನು ಇದಕ್ಕೇ ಅಂತ ಎತ್ತಿಡಿ. ಸೋಪು ಹೋಗುವಂತೆ ಚೆನ್ನಾಗಿ ತೊಳೆದು ಒಣಗಿಸಿ. ಚೈನ್ ಹಾಕಿ ಮಾಮೂಲಿ ಜಾಗಕ್ಕೆ ಕರೆದುಕೊಂಡು ಹೋಗಿ. ಕೂತ ತಕ್ಷಣ ಸೌಟು ಚಾಚಿದರೆ ಎದ್ದುಬಿಡುತ್ತದೆ. ನಮ್ಮದು ಎರಡು ದಿನ ಹಾಗೇ ಮಾಡಿತು, ಎದ್ದು ನನ್ನನ್ನೇ ವಾರೆಗಣ್ಣಿನಲ್ಲಿ ನೋಡಿತು. ಧಾರೆ ಶುರುವಾಗಲಿ, ಮನಸ್ಸಿನಲ್ಲಿ ಎರಡೆಣಿಸಿ, ಆಮೇಲೆ ಹಿಂದಿನಿಂದ ನೆಲಕ್ಕೆ ತಾಗಿಸಿಕೊಂಡೇ ಸೌಟು ಒಳಗೆ ಸರಿಸಿ. ಹೆಣ್ಣು ನಾಯಿ ತೀರಾ ಕೆಳಗೆ ಕೂತರೆ ಸೌಟಿಗಿಂತ ಚಪ್ಪಟೆ ತಟ್ಟೆ ವಾಸಿ. ಎರಡು ಚಮಚ ಸಿಕ್ಕರೆ ಸಾಕು. ಮುಚ್ಚಳದ ಡಬ್ಬಿಗೆ ಹಾಕಿ ಒಂದೆರಡು ಗಂಟೆಯೊಳಗೆ ಕೊಡಿ. ತಡವಾದರೆ ಫ್ರಿಜ್ಜಿನಲ್ಲಿಡಿ, ಮನೆಯವರಿಗೆ ಹೇಳಿ ಇಡಿ. ಕೈಗೆ ಗ್ಲೌಸ್ ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಲ್ಯಾಬಿನಲ್ಲಿ ನೋಡಿಸಬೇಕಾದ ಮೊದಲ ಅಂಕಿ ಸ್ಪೆಸಿಫಿಕ್ ಗ್ರ್ಯಾವಿಟಿ, ಅಂದರೆ ಉಚ್ಚೆ ಎಷ್ಟು ಗಟ್ಟಿ ಅನ್ನುವುದು. 1.030 ಮೇಲಿದ್ದರೆ ಕಿಡ್ನಿ ಉಚ್ಚೆಯನ್ನು ಗಟ್ಟಿ ಮಾಡುತ್ತಿದೆ, ಒಳ್ಳೆಯದು. 1.008ರಿಂದ 1.012ರ ನಡುವೆ ಬಂದರೆ ರಕ್ತದ ನೀರು ಸೋಸಿದ ಹಾಗೇ ಹೊರಗೆ ಬರುತ್ತಿದೆ, ಕಿಡ್ನಿ ಅದಕ್ಕೇನೂ ಮಾಡುತ್ತಿಲ್ಲ ಅಂತ ಅರ್ಥ. ನಡುವಿನದು ಅನುಮಾನದ ಜಾಗ. ಒಂದು ದಿನದ ತೆಳು ಉಚ್ಚೆ ನೋಡಿ ಹೆದರಬೇಡಿ. ಆಗಷ್ಟೇ ಬಟ್ಟಲು ನೀರು ಕುಡಿದಿದ್ದರೂ ಹಾಗೆ ಬರುತ್ತದೆ. ಬೇರೆ ಬೇರೆ ದಿನ ಎರಡು ಮೂರು ಸಲ ನೋಡಿಸಿ. ಆದರೆ ವಾಂತಿಯಾಗಿ ಮೈ ಒಣಗಿದ ನಾಯಿ ಆಗಲೂ ನೀರಿನಂಥ ಉಚ್ಚೆ ಮಾಡಿದರೆ, ಒಂದೇ ಸಲ ಸಾಕು, ಅದು ಕೆಟ್ಟ ಸೂಚನೆ.

ಈ ಅಂಕಿಯನ್ನು ಬಣ್ಣದ ಪಟ್ಟಿ ಅದ್ದಿ ನೋಡಿದರೆ ನಂಬಬೇಡಿ. ಪಟ್ಟಿಯ ಆ ಚೌಕ ಮನುಷ್ಯರಿಗೆ ಅಂತ ಮಾಡಿದ್ದು, ನಾಯಿಗೆ ತಪ್ಪು ತೋರಿಸುತ್ತದೆ. ರಿಫ್ರಾಕ್ಟೋಮೀಟರ್ ಅನ್ನುವ ಪುಟ್ಟ ದುರ್ಬೀನಿನಂಥ ಉಪಕರಣಕ್ಕೆ ಒಂದು ಹನಿ ಹಾಕಿ ನೋಡಬೇಕು. “ರಿಫ್ರಾಕ್ಟೋಮೀಟರಲ್ಲಿ ನೋಡ್ತೀರಾ?” ಅಂತ ನಾಚಿಕೆ ಇಲ್ಲದೆ ಕೇಳಿ.

ಇನ್ನೊಂದು: ರಕ್ತ, ಉಚ್ಚೆ ಎರಡೂ ಡ್ರಿಪ್ ಹಾಕುವ ಮೊದಲೇ ತೆಗೆಯಬೇಕು. ಡ್ರಿಪ್ ಹೋದ ಮೇಲೆ ಎಂಥ ಕಿಡ್ನಿಯ ಉಚ್ಚೆಯೂ ತೆಳುವಾಗುತ್ತದೆ, ಆಮೇಲೆ ಆ ಅಂಕಿಗೆ ಅರ್ಥವಿಲ್ಲ. ಮಂಕಾದ ನಾಯಿಯನ್ನು ಕಂಡ ಗಾಬರಿಯಲ್ಲಿ ಎಲ್ಲರೂ ಮೊದಲು ಬಾಟಲಿ ನೇತುಹಾಕುತ್ತಾರೆ. ಸಾಧ್ಯವಿದ್ದರೆ ಎರಡು ನಿಮಿಷ ಮೊದಲು ನೆನಪಿಸಿ.

ಲಕ್ಷಣ: ಊಟ ಬಿಡುತ್ತಿದೆ, ವಾಂತಿ, ಬಾಯಿ ನಾರುತ್ತಿದೆ

ಮೊದಲು ಬಾಯಿ ತೆರೆದು ನೋಡಿ. ಹಲ್ಲಿನ ಬುಡದಲ್ಲಿ ಕಂದು ಗಾರೆ ಕಟ್ಟಿ ಒಸಡು ಕೆಂಪಾಗಿದ್ದರೆ ವಾಸನೆಗೆ ಅದೇ ಕಾರಣ ಇರಬಹುದು. ಕಿಡ್ನಿಯ ವಾಸನೆ ಬೇರೆ. ತೊಳೆಯದ ಬಚ್ಚಲಿನಂಥ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ. ನಾಲಿಗೆಯ ಅಂಚು, ಕೆನ್ನೆಯ ಒಳಭಾಗದಲ್ಲಿ ಹುಣ್ಣಿದ್ದರೆ ರಕ್ತದಲ್ಲಿ ಕೊಳೆ ತುಂಬ ಸೇರಿದೆ ಅಂತ ಅರ್ಥ. ಅಂಥ ನಾಯಿ ಬಟ್ಟಲ ಹತ್ತಿರ ಆಸೆಯಿಂದ ಬರುತ್ತದೆ, ಮೂಸುತ್ತದೆ, ತುಟಿ ನೆಕ್ಕಿಕೊಂಡು ಹಿಂದೆ ಸರಿಯುತ್ತದೆ. ಹಸಿವಿರುತ್ತದೆ, ಜೊತೆಗೆ ಹೊಟ್ಟೆ ತೊಳಸುತ್ತಿರುತ್ತದೆ. “ಕೊಬ್ಬು ಬಂದಿದೆ ಇದಕ್ಕೆ” ಅಂತ ಬೈಯಬೇಡಿ.

ಒಸಡಿನ ಬಣ್ಣ ನೋಡಿ. ತಿಳಿ ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಚಿದ್ದರೆ ರಕ್ತ ಕಡಿಮೆ. ಹಳೇ ಕಿಡ್ನಿ ಕಾಯಿಲೆಯಲ್ಲೂ ಹೀಗಾಗುತ್ತದೆ, ಉಣ್ಣೆ ಹುಳು ಹರಡುವ ಜ್ವರದಲ್ಲೂ ಆಗುತ್ತದೆ. ಹೆಗಲ ಮೇಲಿನ ಚರ್ಮ ಎತ್ತಿ ಬಿಡಿ. ತಕ್ಷಣ ಕೆಳಗಿಳಿಯದೆ ಗುಡಾರದ ಹಾಗೆ ನಿಂತರೆ ಮೈಯಲ್ಲಿ ನೀರಿಲ್ಲ. ಮುದಿ ನಾಯಿಯ ಸಡಿಲ ಚರ್ಮ ಹೇಗೂ ನಿಧಾನ, ಅದಕ್ಕೆ ಒಸಡು ಅಂಟಂಟಾಗಿದೆಯಾ ಅಂತಲೂ ಮುಟ್ಟಿ ನೋಡಿ.

ಮನೆಯ ಡಬ್ಬಿಯಿಂದ ಮಾತ್ರೆ ಕೊಡಬೇಡಿ. ಇಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಸುಡುತ್ತವೆ. ಪ್ಯಾರಾಸಿಟಮಾಲ್ ಲಿವರ್ ಹಾಳು ಮಾಡುತ್ತದೆ. ಒಂದು ಹೊತ್ತು ಊಟ ಬಿಟ್ಟರೆ ಕಾಯಬಹುದು. ಒಂದು ದಿನ ದಾಟಿದರೆ, ಅಥವಾ ವಾಂತಿ ಎರಡು ಮೂರು ಸಲ ಆದರೆ, ಮನೆ ಪರೀಕ್ಷೆ ಅಲ್ಲಿಗೆ ನಿಲ್ಲಿಸಿ. ಈಗ ರಕ್ತ ಪರೀಕ್ಷೆ ಬೇಕು.

ರಿಪೋರ್ಟ್ ಕೈಗೆ ಬಂತು, ಏನು ನೋಡಬೇಕು

ಮೊದಲು ಬಲಗಡೆ ಮುದ್ರಿಸಿರುವ ಮಿತಿ ಯಾರದ್ದು ನೋಡಿ. ನಮ್ಮಂಥ ಊರುಗಳಲ್ಲಿ ನಾಯಿ ರಕ್ತವೂ ಮನುಷ್ಯರ ಲ್ಯಾಬಿಗೇ ಹೋಗುವುದು ಸಾಮಾನ್ಯ. ಯಂತ್ರ ಅಂಕಿ ಸರಿಯಾಗಿಯೇ ಕೊಡಬಹುದು, ಆದರೆ ಸ್ಟಾರ್ ಹಾಕುವುದು ಮನುಷ್ಯರ ಮಿತಿಗೆ. ಸ್ಟಾರ್ ನೋಡಿ ಅಳಬೇಡಿ, ಇಲ್ಲದ್ದನ್ನು ನೋಡಿ ನಗಬೇಡಿ.

*ಯೂರಿಯಾ.* ಕೆಲವು ಲ್ಯಾಬ್ ಯೂರಿಯಾ ಅಂತ ಬರೆಯುತ್ತವೆ, ಕೆಲವು ಬಿಯುಎನ್ ಅಂತ. ಎರಡೂ ಒಂದೇ ವಸ್ತುವಿನ ಬೇರೆ ಅಳತೆ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಯೂರಿಯಾ 50 ಬಂದರೆ ಮನುಷ್ಯರ ಲ್ಯಾಬ್ ಸ್ಟಾರ್ ಹಾಕುತ್ತದೆ. ಬಿಯುಎನ್ ಲೆಕ್ಕಕ್ಕೆ ಅದು ಸುಮಾರು 23, ನಾಯಿಗೆ ಮಾಮೂಲು. ಹೋದ ಸಲ ಬಿಯುಎನ್ 25, ಈ ಸಲ ಯೂರಿಯಾ 54 ಅಂತ ಇದ್ದರೆ ಏನೂ ಏರಿಲ್ಲ. ಲ್ಯಾಬ್ ಬದಲಾಗಿದೆ ಅಷ್ಟೇ. ಇನ್ನು ಯೂರಿಯಾ ಒಂದೇ ಏರಿ ಕ್ರಿಯಾಟಿನಿನ್ ಸರಿ ಇದ್ದರೆ ಹಿಂದಿನ ರಾತ್ರಿಯ ಮಾಂಸದೂಟ, ಮೈಯಲ್ಲಿ ನೀರು ಕಮ್ಮಿಯಾಗಿರುವುದು, ಅಥವಾ ಕರುಳಿನಲ್ಲಿ ರಕ್ತ ಸೋರುವುದು ಕಾರಣ ಇರಬಹುದು. ಕಕ್ಕಸು ಟಾರಿನ ಹಾಗೆ ಕಪ್ಪಗಿದೆಯಾ ನೋಡಿ. ರಕ್ತ ಕೊಡುವ ಹಿಂದಿನ ರಾತ್ರಿ ಊಟದ ನಂತರ ಹೊಟ್ಟೆ ಖಾಲಿ ಇರಲಿ, ನೀರು ಮಾತ್ರ ಇಟ್ಟಿರಿ.

*ಕ್ರಿಯಾಟಿನಿನ್.* ಇದು ಮಾಂಸಖಂಡದಿಂದ ಬರುವ ಕಸ. ಹಾಗಾಗಿ ಕಟ್ಟುಮಸ್ತಾದ ನಾಯಿಗೆ ಸಹಜವಾಗಿಯೇ ತುಸು ಜಾಸ್ತಿ. ಗ್ರೇಹೌಂಡಿನಂಥ ಓಟದ ತಳಿಗಳಲ್ಲಿ ಇದು ಗೊತ್ತಿರುವ ವಿಷಯ. ತೊಡೆ ಕರಗಿ ಬೆನ್ನೆಲುಬು ಎದ್ದ ಮುದಿ ನಾಯಿಗೆ ಕಡಿಮೆ ಬರುತ್ತದೆ, ಕಿಡ್ನಿ ಕೆಟ್ಟಿದ್ದರೂ ಅಂಕಿ ಚೆಂದ ಕಾಣುತ್ತದೆ. ಅದಕ್ಕೇ ಒಂದು ಅಂಕಿಗಿಂತ ಅದೇ ನಾಯಿಯ ಹಳೇ ಅಂಕಿ ಮುಖ್ಯ. ನಾಚಿಕೆಯ ಸಂಗತಿ ಹೇಳುತ್ತೇನೆ: ಕೆಂಚಿಗೆ ಸಂತಾನ ಹರಣ ಆಪರೇಷನ್ ಮಾಡಿಸುವಾಗ ತೆಗೆಸಿದ ರಿಪೋರ್ಟ್ ಅದೇ ಬೀರುವಿನಲ್ಲಿ ಇತ್ತು. ಆಗ 0.7. ಅಲ್ಲಿಂದ 1.3 ಅಂದರೆ ಹತ್ತಿರ ಹತ್ತಿರ ಎರಡರಷ್ಟು. ಕ್ರಿಯಾಟಿನಿನ್ ಎರಡರಷ್ಟಾದರೆ ಸೋಸುವ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿದೆ ಅಂತ ಲೆಕ್ಕ. ಎರಡು ಕಾಗದ ಪಕ್ಕಪಕ್ಕ ಇಟ್ಟಿದ್ದರೆ ಏಪ್ರಿಲ್‌ನಲ್ಲೇ ಗೊತ್ತಾಗುತ್ತಿತ್ತು.

ಪಶುವೈದ್ಯರು ಪಾಲಿಸುವುದು ಐರಿಸ್ ಅನ್ನುವ ಅಂತಾರಾಷ್ಟ್ರೀಯ ತಂಡದ ಹಂತಗಳನ್ನು. ನಾಯಿಗಳಿಗೆ ಅದು ಹೀಗಿದೆ, ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ:

- ಹಂತ 1: ಕ್ರಿಯಾಟಿನಿನ್ 1.4ಕ್ಕಿಂತ ಕಡಿಮೆ, ಆದರೆ ತೆಳು ಉಚ್ಚೆ, ಪ್ರೋಟೀನ್ ಸೋರಿಕೆ, ಸ್ಕ್ಯಾನಿನಲ್ಲಿ ದೋಷ ಹೀಗೆ ಬೇರೆ ಗುರುತು ಇದೆ
- ಹಂತ 2: 1.4ರಿಂದ 2.8
- ಹಂತ 3: 2.9ರಿಂದ 5.0
- ಹಂತ 4: 5.0 ಮೇಲೆ

ಈ ಹಂತ ಹೇಳುವುದು ನಾಯಿಗೆ ನೀರಿನಂಶ ಸರಿಯಾದ ಮೇಲೆ, ಅಂಕಿ ಒಂದೇ ಕಡೆ ನಿಂತ ಮೇಲೆ. ಕೆಂಚಿಯ 3.1 ನೋಡಿ ನಾನು ಹಂತ 3 ಅಂದುಕೊಂಡಿದ್ದೆ. ಡ್ರಿಪ್ ಮುಗಿದು ಎರಡು ವಾರ ಬಿಟ್ಟು ನೋಡಿದಾಗ 2.6ಕ್ಕೆ ಇಳಿದು ಅಲ್ಲೇ ನಿಂತಿತು. ಅಂದರೆ ಹಂತ 2.

*ಎಸ್‌ಡಿಎಂಎ.* ಇದೂ ರಕ್ತದಲ್ಲೇ ನೋಡುವ ಕಿಡ್ನಿಯ ಅಂಕಿ. ಮಾಂಸಖಂಡ ಎಷ್ಟಿದೆ ಅನ್ನುವುದಕ್ಕೆ ಇದು ಬಗ್ಗುವುದಿಲ್ಲ, ಕ್ರಿಯಾಟಿನಿನ್‌ಗಿಂತ ಮೊದಲೇ ಏರುತ್ತದೆ. ಬೆಳೆದ ನಾಯಿಗೆ 14 ದಾಟಿದರೆ ಮತ್ತೊಮ್ಮೆ ನೋಡಬೇಕು, 18 ದಾಟಿ ಅಲ್ಲೇ ನಿಂತರೆ ಕಾಯಿಲೆ ಕಡೆಗೇ ಬೆರಳು. ಮನುಷ್ಯರ ಲ್ಯಾಬಿನಲ್ಲಿ ಸಿಗುವುದಿಲ್ಲ, ಪಶು ಲ್ಯಾಬ್ ಬೇಕು. ಬಡಕಲು ಮುದಿ ನಾಯಿಗೆ ಖರ್ಚು ಮಾಡಲು ಯೋಗ್ಯ. ಕ್ರಿಯಾಟಿನಿನ್ ಆಗಲೇ 4 ಇರುವ ನಾಯಿಗೆ ನನ್ನ ಪ್ರಕಾರ ಆ ದುಡ್ಡನ್ನು ಬಿಪಿ ನೋಡಿಸಲು ಇಟ್ಟುಕೊಳ್ಳಿ.

*ಫಾಸ್ಫರಸ್.* ಎಲ್ಲರೂ ಬಿಟ್ಟುಬಿಡುವ ಸಾಲು. ಕಿಡ್ನಿ ಸೋತಾಗ ಇದು ಒಳಗೇ ಉಳಿಯುತ್ತದೆ, ಉಳಿದ ಕಿಡ್ನಿಯನ್ನೂ ಕೆಡಿಸುತ್ತದೆ. ಹಂತ 2ರಲ್ಲಿ 4.6ರ ಒಳಗೆ, ಹಂತ 3ರಲ್ಲಿ 5ರ ಒಳಗೆ, ಹಂತ 4ರಲ್ಲಿ 6ರ ಒಳಗೆ ಇಡುವುದು ಗುರಿ. ಮರಿಗಳಿಗೆ ಮೂಳೆ ಬೆಳೆಯುವುದರಿಂದ ಸಹಜವಾಗಿಯೇ ಜಾಸ್ತಿ ಇರುತ್ತದೆ.

ಈಗ ರಕ್ತವನ್ನೂ ಉಚ್ಚೆಯನ್ನೂ ಜೋಡಿಸಿ ಓದಿ. ಕ್ರಿಯಾಟಿನಿನ್ ಏರಿದೆ, ಉಚ್ಚೆ 1.040ರಷ್ಟು ಗಟ್ಟಿ: ಕಿಡ್ನಿ ಕೆಲಸ ಮಾಡುತ್ತಿದೆ, ಅದಕ್ಕೆ ಬರುವ ನೀರು, ರಕ್ತವೇ ಕಡಿಮೆ. ವಾಂತಿ, ಭೇದಿ, ಬಿಸಿಲು ನೆನಪು ಮಾಡಿಕೊಳ್ಳಿ. ಕ್ರಿಯಾಟಿನಿನ್ ಏರಿದೆ, ಉಚ್ಚೆ 1.010: ತಪ್ಪು ಕಿಡ್ನಿಯಲ್ಲೇ. ಕ್ರಿಯಾಟಿನಿನ್ ಏರಿದೆ, ಉಚ್ಚೆ ಬರುತ್ತಲೇ ಇಲ್ಲ: ದಾರಿ ಕಟ್ಟಿರಬಹುದು. ಅಂಕಿ ಒಂದೇ, ಮೂರು ಬೇರೆ ಕಾಯಿಲೆ, ಮೂರು ಬೇರೆ ಚಿಕಿತ್ಸೆ. ಇದಕ್ಕೇ ನಾನು ಸೌಟಿನ ಕಥೆ ಅಷ್ಟುದ್ದ ಹೇಳಿದ್ದು.

ಲಕ್ಷಣ: ಉಚ್ಚೆಯಲ್ಲಿ ಪ್ರೋಟೀನ್ ಅಂತ ಬಂದಿದೆ

ಉಚ್ಚೆಗೆ ಅದ್ದುವ ಬಣ್ಣದ ಪಟ್ಟಿಯಲ್ಲಿ ಒಂದು ಪ್ಲಸ್ ಬಂದ ಮಾತ್ರಕ್ಕೆ ಏನೂ ಹೇಳಲಾಗದು. ಉಚ್ಚೆ ತುಂಬ ಗಟ್ಟಿ ಇದ್ದರೂ ಬರುತ್ತದೆ. ಆದರೆ ತೆಳು ಉಚ್ಚೆಯಲ್ಲಿ ಎರಡು ಪ್ಲಸ್ ಇದ್ದರೆ ಅದು ಗಂಭೀರ. ಮೊದಲು ಮೂತ್ರಕೋಶದ ಸೋಂಕು, ರಕ್ತ ಇಲ್ಲ ಅಂತ ಖಚಿತ ಮಾಡಿಕೊಂಡು, ಆಮೇಲೆ ಯುಪಿಸಿ ಪರೀಕ್ಷೆ ಮಾಡಿಸಬೇಕು. ಪ್ರೋಟೀನನ್ನು ಉಚ್ಚೆಯ ಕ್ರಿಯಾಟಿನಿನ್‌ನಿಂದ ಭಾಗಿಸಿ ಬರುವ ಅಂಕಿ ಅದು. 0.2ಕ್ಕಿಂತ ಕಡಿಮೆ ಸರಿ. 0.5 ದಾಟಿ ಕೆಲವು ವಾರ ಬಿಟ್ಟು ನೋಡಿದರೂ ಹಾಗೇ ಇದ್ದರೆ ಕಿಡ್ನಿಯ ಜರಡಿ ಸೋರುತ್ತಿದೆ.

ನಮ್ಮ ಕಡೆ ಇದಕ್ಕೆ ಮೊದಲು ಅನುಮಾನಿಸಬೇಕಾದದ್ದು ಉಣ್ಣೆ ಹುಳು. ಅದು ಹರಡುವ ಎರ್ಲಿಕಿಯಾ ಸೋಂಕು ತಿಂಗಳುಗಟ್ಟಲೆ ಸುಮ್ಮನಿದ್ದು ಒಳಗೊಳಗೇ ಜರಡಿ ಹಾಳು ಮಾಡುತ್ತದೆ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಹುಡುಕಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಬೇರೆ ಪರೀಕ್ಷೆ ಇದೆ. ಕಿಡ್ನಿ ಕಾಯಿಲೆಗಳಲ್ಲಿ ಹೀಗೆ ಮೂಲವನ್ನೇ ಹಿಡಿಯಲು ಸಿಗುವುದು ಅಪರೂಪ, ಸಿಕ್ಕಾಗ ಬಿಡಬಾರದು.

ಬಿಪಿಯನ್ನೂ ನೋಡಿಸಿ. ಹೌದು, ನಾಯಿಗೂ ಬಿಪಿ ಇದೆ, ಕಾಲಿಗೋ ಬಾಲಕ್ಕೋ ಪಟ್ಟಿ ಕಟ್ಟಿ ನೋಡುತ್ತಾರೆ. ಮೇಲಿನ ಅಂಕಿ 140ರೊಳಗಿರಬೇಕು. 160 ದಾಟಿ ಅಲ್ಲೇ ನಿಂತರೆ ಔಷಧಿ ಬೇಕಾಗುತ್ತದೆ. 180 ದಾಟಿದರೆ ಕಣ್ಣು, ಮೆದುಳಿಗೆ ಅಪಾಯ. ಆಸ್ಪತ್ರೆಗೆ ಬಂದ ಗಾಬರಿಗೇ ಏರುವುದೂ ಉಂಟು, ಹತ್ತು ನಿಮಿಷ ಸುಮ್ಮನೆ ಕೂರಿಸಿ ನಾಲ್ಕೈದು ಸಲ ನೋಡಲು ಹೇಳಿ.

ಲಕ್ಷಣ: ಉಚ್ಚೆಗೆ ಕೂರುತ್ತದೆ, ಹನಿ ಹನಿ ಅಥವಾ ಏನೂ ಬರುವುದಿಲ್ಲ

ಗಂಡು ನಾಯಿಯಲ್ಲಿ ಕಲ್ಲು ಸಿಕ್ಕಿಕೊಂಡಿರುವುದೇ ಹೆಚ್ಚು. ಹೊಟ್ಟೆ ಹಿಸುಕಿ ನೋಡಬೇಡಿ, ಮೂತ್ರಕೋಶ ಒಡೆಯಬಹುದು. ಬಾಳೆದಿಂಡಿನ ರಸ ಕುಡಿಸಿ ಅಂತ ನಾಲ್ಕು ಜನ ಹೇಳುತ್ತಾರೆ. ಬೇಡ. ಅದರಲ್ಲಿ ಪೊಟ್ಯಾಸಿಯಂ ಇದೆ. ಉಚ್ಚೆ ಕಟ್ಟಿದ ನಾಯಿಯ ರಕ್ತದಲ್ಲಿ ಪೊಟ್ಯಾಸಿಯಂ ಆಗಲೇ ಏರುತ್ತಿರುತ್ತದೆ, ಅದು ಹೃದಯವನ್ನೇ ನಿಲ್ಲಿಸಬಲ್ಲದು. ನೇರ ಆಸ್ಪತ್ರೆಗೆ.

ಲಕ್ಷಣ: ನಿನ್ನೆ ಚೆನ್ನಾಗಿತ್ತು, ಇವತ್ತು ಎದ್ದೇಳುತ್ತಿಲ್ಲ

ಇದು ಬೇರೆ ಜಾತಿಯ ಕಿಡ್ನಿ ಸೋಲು. ವರ್ಷಗಟ್ಟಲೆ ನಡೆದದ್ದಲ್ಲ, ದಿನಗಳಲ್ಲಿ ಆಗುವುದು. ಸಮಯಕ್ಕೆ ಸರಿಯಾಗಿ ಹೋದರೆ ಮರಳಿ ಬರುವ ಅವಕಾಶವೂ ಇದರಲ್ಲಿದೆ. ಡಾಕ್ಟರು ಕೇಳುವ ಮೊದಲ ಪ್ರಶ್ನೆ “ಏನು ತಿಂತು, ಎಲ್ಲಿ ಹೋಗಿತ್ತು?” ಅಂತ.

ದ್ರಾಕ್ಷಿ ಸೀಮೆಯವರು ನಾವು. ತೋಟದ ಕಾವಲಿಗೆ ನಾಯಿ, ಚಪ್ಪರದ ಕೆಳಗೆ ಉದುರಿದ ಹಣ್ಣು. ಪಕ್ಕದ ತೋಟದ ಅಣ್ಣ “ನಮ್ಮ ನಾಯಿ ದಿನಾ ತಿಂತದೆ, ಏನೂ ಆಗಿಲ್ಲ” ಅಂತಾರೆ. ಅವರು ಹೇಳೋದು ಸುಳ್ಳಲ್ಲ, ಕೆಲವು ನಾಯಿಗೆ ಏನೂ ಆಗುವುದಿಲ್ಲ. ಇನ್ನು ಕೆಲವಕ್ಕೆ ಸ್ವಲ್ಪ ತಿಂದರೂ ಕಿಡ್ನಿ ನಿಲ್ಲುತ್ತದೆ. ಯಾವ ನಾಯಿ ಯಾವ ಗುಂಪು ಅಂತ ಮೊದಲೇ ತಿಳಿಯುವ ದಾರಿ ಇಲ್ಲ. ಒಣದ್ರಾಕ್ಷಿ ಇನ್ನೂ ಕೆಟ್ಟದ್ದು, ಪಾಯಸದ ತಳ ಬಳಿದು ಹಾಕುವವರು ಗಮನಿಸಿ. ಇದಕ್ಕೆ ಕಾರಣ ಟಾರ್ಟಾರಿಕ್ ಆಮ್ಲ ಇರಬೇಕು ಅಂತ ಈಚೆಗೆ ಪಶುವೈದ್ಯರು ಅನುಮಾನಿಸುತ್ತಿದ್ದಾರೆ. ಅದೇ ಆಮ್ಲ ಹುಣಸೆಯಲ್ಲೂ ತುಂಬ ಇದೆ. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಇದೇ ಥರದ ಕಿಡ್ನಿ ಹಾನಿ ದಾಖಲಾಗಿದೆ. ಸುಗ್ಗಿಯಲ್ಲಿ ಜಗಲಿ ಮೇಲೆ ಹುಣಸೆ ಬಿಡಿಸುವಾಗ ನಾಯಿ ಪಕ್ಕದಲ್ಲೇ ಕೂತಿರುತ್ತದೆ, ನಾವೇ ಆಟಕ್ಕೆ ಒಂದು ತುಂಡು ಎಸೆಯುತ್ತೇವೆ. ಅದು ಬೇಡ. ಅದರ ಮುದ್ದೆಗೆ ಹುಳಿ ಹಾಕಿದ ಸಾರೂ ಬೇಡ.

ತಿಂದ ದಿನವೇ ವಾಂತಿ ಶುರುವಾಗಬಹುದು, ಕಿಡ್ನಿ ನಿಲ್ಲುವುದು ಒಂದರಿಂದ ಮೂರು ದಿನದಲ್ಲಿ. ಹಾಗಾಗಿ ತಿಂದ ಎರಡೇ ಗಂಟೆಗೆ ತೆಗೆದ ರಕ್ತ ನಾರ್ಮಲ್ ಬಂದರೆ ಮನೆಗೆ ವಾಪಸ್ ಬರಬೇಡಿ. ಮೂರು ದಿನ ದಿನಾ ನೋಡಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಉಪ್ಪೇ ವಿಷವಾಗುತ್ತದೆ.

ಕೊಳಕುಮಂಡಲ ಕಚ್ಚಿದರೂ ಕಿಡ್ನಿ ಸೋಲುತ್ತದೆ. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮನುಷ್ಯರಿಗೆ ಕೊಡುವ ಹಾವಿನ ವಿಷದ ಮದ್ದನ್ನೇ ನಾಯಿಗೂ ಕೊಡುತ್ತಾರೆ. ಮೊದಲೇ ಫೋನ್ ಮಾಡಿ, ಅದು ಇರುವ ಆಸ್ಪತ್ರೆಗೇ ಹೋಗಿ.

ಇನ್ನು ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಮಳೆಗಾಲದಲ್ಲಿ ನಿಂತ ನೀರು, ಇಲಿ ಉಚ್ಚೆ ಬಿದ್ದ ಜಾಗದಿಂದ ಬರುತ್ತದೆ. ಜ್ವರ, ವಾಂತಿ, ಕಣ್ಣಿನ ಬಿಳಿ ಭಾಗ, ಒಸಡು ಹಳದಿ. ಇದು ನಾಯಿಯ ಉಚ್ಚೆಯಿಂದ ನಮಗೂ ಹರಡುತ್ತದೆ. ಗ್ಲೌಸ್ ಅಂದದ್ದು ಇದಕ್ಕೇ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನಿಮ್ಮ ಡಾಕ್ಟರಿಗೂ ನಾಯಿಯ ವಿಷಯ ಹೇಳಿ. ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಗಳಲ್ಲಿ ಇದೂ ಸೇರಿದೆಯಾ ಅಂತ ಕಾರ್ಡ್ ನೋಡಿ.

ಇಂಥ ಹೊತ್ತಿನಲ್ಲಿ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಡ್ರಿಪ್ ಶುರು ಮಾಡಿಸಿ, ಮುಂದಕ್ಕೆ ಹೋಗಬೇಕಾ ಅಂತ ಅವರನ್ನೇ ಕೇಳಿ. ನಮಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರ್ ಆಸುಪಾಸು. ಎಷ್ಟು ಉಚ್ಚೆ ಬರುತ್ತಿದೆ ಅಂತ ಗಂಟೆ ಗಂಟೆಗೆ ಅಳೆಯುತ್ತಾ ಡ್ರಿಪ್ ಕೊಡುವ ಜಾಗ ಬೇಕು. ಉಚ್ಚೆ ನಿಂತ ನಾಯಿಗೆ ಲೆಕ್ಕವಿಲ್ಲದೆ ಬಾಟಲಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಹಳೇ ಕಿಡ್ನಿ ಕಾಯಿಲೆ ಅಂತ ಖಚಿತವಾದ ಮೇಲೆ

ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವನ್ನು ಕಾಪಾಡಿಕೊಳ್ಳುವುದಷ್ಟೇ ಕೆಲಸ. ಅದಕ್ಕೆ ದೊಡ್ಡ ಉಪಾಯ ಊಟ. ಫಾಸ್ಫರಸ್ ಕಡಿಮೆ, ಪ್ರೋಟೀನ್ ಮಿತ. ಮಟನ್ ಮೂಳೆ, ಲಿವರ್, ಒಣಮೀನು ಮೊದಲು ನಿಲ್ಲಿಸಿ. ಮೊಟ್ಟೆಯ ಬಿಳಿ ನಡೆಯುತ್ತದೆ, ಹಳದಿ ಬೇಡ. ಕಿಡ್ನಿಗೆ ಅಂತಲೇ ಮಾಡಿದ ಆಹಾರ ಸಿಗುತ್ತದೆ, ದುಬಾರಿ. ಮನೆ ಊಟವೇ ಹಾಕುವುದಾದರೆ ಪಶುವೈದ್ಯರ ಹತ್ತಿರ ಬರೆಸಿಕೊಂಡೇ ಹಾಕಿ, ಬರೀ ಅನ್ನ ಮಜ್ಜಿಗೆ ಹಾಕಿದರೆ ನಾಯಿ ಸೊರಗಿ ಹೋಗುತ್ತದೆ. ಹೊಸ ಊಟಕ್ಕೆ ನಿಧಾನವಾಗಿ ಹೊಂದಿಸಿ, ಹೊಟ್ಟೆ ತೊಳಸುವ ದಿನ ಶುರು ಮಾಡಬೇಡಿ. ಕೊನೇ ಹಂತದ ನಾಯಿ ಏನಾದರೂ ತಿಂದರೆ ಸಾಕು. ಪಥ್ಯ ಅಂತ ಉಪವಾಸ ಕೆಡವಬೇಡಿ.

ಚರ್ಮದ ಕೆಳಗೆ ಡ್ರಿಪ್ ಕೊಡುವುದನ್ನು ಡಾಕ್ಟರು ಕಲಿಸಿಕೊಟ್ಟರೆ ಮನೆಯಲ್ಲೇ ಮಾಡಬಹುದು. ಎಷ್ಟು ಎಂಎಲ್ ಅಂತ ಅವರೇ ಹೇಳಬೇಕು, ಹೃದಯದ ತೊಂದರೆ ಇರುವ ನಾಯಿಗೆ ಇದು ಅಪಾಯ. ಉಸಿರು ಜೋರಾದರೆ ತಕ್ಷಣ ನಿಲ್ಲಿಸಿ. ಬಿಪಿ ಮಾತ್ರೆ, ಫಾಸ್ಫರಸ್ ಹಿಡಿಯುವ ಪುಡಿ, ವಾಂತಿ ತಡೆಯುವ ಔಷಧಿ ಬರೆದಿದ್ದರೆ ಹೊತ್ತಿಗೆ ಸರಿಯಾಗಿ ಕೊಡಿ. ಹಾಲಿಗೆ ಹಾಕಿ ಕೊಡುವ ಅಭ್ಯಾಸ ಬಿಡಿ, ಹಾಲಿನಲ್ಲೂ ಫಾಸ್ಫರಸ್ ಇದೆ.

ಹಂತ 2ರಲ್ಲಿ ಸ್ಥಿರವಾಗಿರುವ ನಾಯಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತ, ಉಚ್ಚೆ, ಬಿಪಿ ಒಟ್ಟಿಗೆ ನೋಡಿಸಬೇಕು. ಪ್ರತಿ ಸಲ ಒಂದೇ ಲ್ಯಾಬ್. ನಾನು ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತುಹಾಕಿ ದಿನಾ ನೀರಿನ ಲೆಕ್ಕ, ಭಾನುವಾರ ತೂಕ ಬರೆಯುತ್ತೇನೆ. ತೂಕಕ್ಕೆ ಅದನ್ನು ಎತ್ತಿಕೊಂಡು ನಾನೇ ಯಂತ್ರದ ಮೇಲೆ ನಿಲ್ಲುವುದು, ಆಮೇಲೆ ನನ್ನದನ್ನು ಕಳೆಯುವುದು. ಹೋದ ವಾರ 16.8 ಇತ್ತು, ನೀರು ಒಂದೂವರೆ ಲೀಟರ್ ಹತ್ತಿರ. ಮುಂದಿನ ಟೆಸ್ಟ್ ಯುಗಾದಿ ಕಳೆದ ಸೋಮವಾರ. ಸೌಟು ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟಿದ್ದೇನೆ. ಅಮ್ಮ ಅದಕ್ಕೆ ಕೆಂಪು ದಾರ ಕಟ್ಟಿದ್ದಾರೆ, ಯಾರೂ ತಪ್ಪಿ ಸಾಂಬಾರಿಗೆ ಹಾಕದಿರಲಿ ಅಂತ.